ನಿಮಗೆ ಇಂಗ್ಲಿಷ್ ಬಾರದಿದ್ದರೂ ಮಗುವಿನ ಇಂಗ್ಲಿಷ್ ಹೋಂವರ್ಕ್ ಮಾಡಿಸುವುದು ಹೇಗೆ?

"ನಾವು ಓದಿದ್ದೆಲ್ಲ ಕನ್ನಡ ಮೀಡಿಯಂ. ಮಗಳ ಇಂಗ್ಲಿಷ್ ಹೋಂವರ್ಕ್ ಹೇಗೆ ಮಾಡಿಸೋದು?" ಓದುಗರು ತಿರುತಿರುಗಿ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಅಪ್ಪ ಅಮ್ಮಂದಿರಿದ್ದಾರೆ, ಪಿಯುಸಿ ಓದುತ್ತಿರುವ ಅಕ್ಕಂದಿರಿದ್ದಾರೆ, ಸಂಜೆ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳುವವರೂ ಇದ್ದಾರೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರುವಾದದ್ದು 2007ರಲ್ಲಿ. ಅದಕ್ಕೂ ಮುಂಚೆ ಐದನೇ ತರಗತಿಯಲ್ಲಿ ಎಬಿಸಿಡಿ ತಿದ್ದಿದವರೇ ಇವತ್ತಿನ ಎಷ್ಟೋ ಮಕ್ಕಳ ತಂದೆತಾಯಿ. ಹಾಗಾಗಿ ಈ ಅಳುಕು ಸಹಜ.

ಆದರೆ ಇಂಗ್ಲಿಷ್ ಹೋಂವರ್ಕಿನ ಬಹುಪಾಲು ಕೆಲಸ ಇಂಗ್ಲಿಷಿನದಲ್ಲ. ಪ್ರಶ್ನೆ ಏನು ಕೇಳುತ್ತಿದೆ, ಪಾಠದಲ್ಲಿ ಏನು ನಡೆಯಿತು, ಯಾಕೆ ನಡೆಯಿತು, ಅದನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂಬುದೆಲ್ಲ ಯೋಚನೆಯ ಕೆಲಸ. ಅದು ಕನ್ನಡದಲ್ಲೇ ಆಗುತ್ತದೆ, ಕನ್ನಡದಲ್ಲಿ ಮಾಡಿದರೆ ಚೆನ್ನಾಗಿಯೂ ಆಗುತ್ತದೆ. ಉಳಿದ ಇಂಗ್ಲಿಷಿನ ಭಾಗವನ್ನು ಮಗು ಮಾಡಬೇಕು. ನೀವು ಮಾಡಿಕೊಟ್ಟರೆ ಅದು ನಿಮ್ಮ ಹೋಂವರ್ಕ್ ಆಗುತ್ತದೆ.

ಇಲ್ಲಿನ ಉದಾಹರಣೆಗಳನ್ನು ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ದ್ವಿತೀಯ ಭಾಷೆ ಇಂಗ್ಲಿಷನ್ನು ಇಟ್ಟುಕೊಂಡು ಕೊಟ್ಟಿದ್ದೇನೆ. ಅಲ್ಲಿ ಒಟ್ಟು 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಐಸಿಎಸ್‌ಇ ಮಕ್ಕಳಿಗೆ ಭಾಷೆಗೊಂದು, ಸಾಹಿತ್ಯಕ್ಕೊಂದು ಎಂದು ಎರಡು ಪೇಪರ್ ಇರುತ್ತವೆ. ಪಠ್ಯ ಬೇರೆಯಾದರೂ ಮಾಡಿಸುವ ಕ್ರಮ ಬದಲಾಗುವುದಿಲ್ಲ. ಏಳು, ಎಂಟನೇ ತರಗತಿಯವರಿಗೂ ಇದೇ ಕ್ರಮ ಹೊಂದುತ್ತದೆ.

ಮೊದಲು ಇವಿಷ್ಟು ಕೈಗೆಟುಕುವಂತಿರಲಿ

ಪಠ್ಯಪುಸ್ತಕ ಬೇಕೇ ಬೇಕು. ಮಗು ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಪುಸ್ತಕದಲ್ಲಿ ಅಲ್ಲಲ್ಲಿ ಕಾಣುವ ಕ್ಯೂಆರ್ ಕೋಡ್ ದೀಕ್ಷಾ ಆ್ಯಪ್‌ನಲ್ಲಿ ತೆರೆದುಕೊಳ್ಳುತ್ತದೆ.

ಒಂದು ಇಂಗ್ಲಿಷ್-ಕನ್ನಡ ನಿಘಂಟು ಇರಲಿ, ಹಳೆಯದಾದರೂ ಆದೀತು. ಫೋನಿನಲ್ಲೇ ನೋಡುವುದಾದರೆ ಭಾರತವಾಣಿ ಜಾಲತಾಣದಲ್ಲಿ ಹಲವು ನಿಘಂಟುಗಳಿವೆ. ಕನ್ನಡ ಪದ ಗೊತ್ತು, ಅದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಹುಡುಕುವಾಗ 'ಅಲರ್' ಎಂಬ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ಉಪಯೋಗಕ್ಕೆ ಬರುತ್ತದೆ.

ಇವಲ್ಲದೆ ಒಂದು ರಫ್ ನೋಟ್‌ಬುಕ್, ಒಂದು ಪೆನ್ಸಿಲ್. ರಫ್ ಪುಸ್ತಕ ಬೇಕೆಂದು ಒತ್ತಿ ಹೇಳುತ್ತಿದ್ದೇನೆ. ನೇರವಾಗಿ ಫೇರ್ ಪುಸ್ತಕದಲ್ಲಿ ಬರೆಯುವ ಮಗು ತಪ್ಪಾದೀತೆಂದು ಹೆದರಿ ಗೈಡ್ ನೋಡಿ ಬರೆಯುತ್ತದೆ.

ಗೈಡ್ ಮನೆಯಲ್ಲಿ ಇದ್ದರೆ ಇರಲಿ. ಆದರೆ ಅದು ತೆರೆಯಬೇಕಾದದ್ದು ಕೊನೆಯಲ್ಲಿ, ಬರೆದ ಉತ್ತರದಲ್ಲಿ ಮುಖ್ಯ ಅಂಶ ಬಿಟ್ಟುಹೋಗಿದೆಯೇ ನೋಡುವುದಕ್ಕೆ ಮಾತ್ರ.

ಹಂತ 1: ಪ್ರಶ್ನೆ ಏನು ಕೇಳುತ್ತಿದೆ?

ಪಾಠಕ್ಕಿಂತ ಮೊದಲು ಪ್ರಶ್ನೆ ಓದಿಸಿ. ಓದಿದ ಮೇಲೆ "ಇಲ್ಲಿ ಏನು ಕೇಳಿದ್ದಾರೆ, ಕನ್ನಡದಲ್ಲಿ ಹೇಳು ಪುಟ್ಟ" ಎನ್ನಿ. ಹೇಳಲು ಬರಲಿಲ್ಲವೆಂದರೆ ತೊಡಕು ಇರುವುದು ಇಲ್ಲೇ. ಉತ್ತರಕ್ಕೆ ಈಗಲೇ ಕೈಹಾಕಬೇಡಿ.

ಪ್ರಶ್ನೆಗಳಲ್ಲಿ ಬರುವ ಪದಗಳು ಬೆರಳೆಣಿಕೆಯಷ್ಟು. 'ವಾಟ್' ಎಂದರೆ ಸಂಗತಿ ಬೇಕು. 'ವೈ' ಎಂದರೆ ಕಾರಣ, ಉತ್ತರದಲ್ಲಿ 'ಬಿಕಾಸ್' ಬರಲೇಬೇಕು. 'ಹೌ' ಎಂದರೆ ಹೇಗೆ, ಅಂದರೆ ನಡೆದ ಕ್ರಮ. 'ಡಿಸ್ಕ್ರೈಬ್' ವರ್ಣಿಸಲು ಹೇಳುತ್ತದೆ, 'ಕಂಪೇರ್' ಎರಡನ್ನು ಅಕ್ಕಪಕ್ಕ ಇಟ್ಟು ನೋಡಲು. 'ಜಸ್ಟಿಫೈ' ಎಂದಿದ್ದರೆ ಬರೀ ಹೌದು ಅಥವಾ ಅಲ್ಲ ಸಾಲದು, ಪಾಠದಿಂದ ಆಧಾರ ಕೊಡಬೇಕು. 'ಎಕ್ಸ್‌ಟ್ರಾಕ್ಟ್' ಎಂದರೆ ಪಾಠದಿಂದ ಎತ್ತಿಕೊಂಡ ಒಂದೆರಡು ಸಾಲು. ಅದನ್ನು ಕೊಟ್ಟು, ಇದನ್ನು ಯಾರು ಹೇಳಿದರು, ಯಾರಿಗೆ ಹೇಳಿದರು, ಯಾಕೆ ಹೇಳಿದರು ಎಂದು ಕೇಳುತ್ತಾರೆ. ಕನ್ನಡದ 'ಸಂದರ್ಭದೊಡನೆ ವಿವರಿಸಿ' ಮಾಡಿ ರೂಢಿಯಿರುವ ಮಗುವಿಗೆ ಇದು ಹೊಸತಲ್ಲ.

ಎಚ್ಚರ: 'ವೈ' ಪ್ರಶ್ನೆಗೆ ಇಡೀ ಕಥೆ ಬರೆದು ಬರುವ ಮಕ್ಕಳು ಬಹಳ. ಪುಟ ತುಂಬಿರುತ್ತದೆ, ಕೇಳಿದ ಕಾರಣ ಮಾತ್ರ ಅದರಲ್ಲಿರುವುದಿಲ್ಲ.

ಹಂತ 2: ಪಾಠವನ್ನು ಗಟ್ಟಿಯಾಗಿ ಓದಿಸಿ

ಮೊದಲ ಓದಿನಲ್ಲಿ ತಡೆಯಬೇಡಿ. ಉಚ್ಚಾರ ತಪ್ಪಿದರೂ ಸುಮ್ಮನಿರಿ. ನಿಮಗೇ ಉಚ್ಚಾರದ ಅನುಮಾನವಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಪುಟವನ್ನು ತೋರಿಸಿ ಓದಿಸಬಹುದು, ಅದು ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಮಗು ಒಮ್ಮೆ ಕೇಳಿಸಿಕೊಂಡು ಆಮೇಲೆ ಓದಲಿ.

ಎರಡನೇ ಓದಿನಲ್ಲಿ ಗೊತ್ತಿಲ್ಲದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ. ಒಂದು ಪುಟಕ್ಕೆ ಐದಕ್ಕಿಂತ ಹೆಚ್ಚು ಪದ ಹುಡುಕಿಸಬೇಡಿ. ಪ್ರತಿ ಪದದ ತಲೆಯ ಮೇಲೂ ಕನ್ನಡ ಅರ್ಥ ಬರೆದ ಪುಸ್ತಕಗಳನ್ನು ನೋಡಿರುತ್ತೀರಿ. ಅಂಥ ಪುಟದಲ್ಲಿ ಮಗು ಕನ್ನಡ ಪದಗಳನ್ನಷ್ಟೇ ಓದುತ್ತದೆ, ವಾಕ್ಯದ ಅರ್ಥ ಆಗುವುದೇ ಇಲ್ಲ. ಯಾವ ಪದ ಗೊತ್ತಿಲ್ಲದಿದ್ದರೆ ಕಥೆ ಮುಂದೆ ಸಾಗುವುದಿಲ್ಲವೋ ಅದನ್ನು ಮಾತ್ರ ಹುಡುಕಿ. ಉಳಿದದ್ದು ಸಂದರ್ಭದಿಂದ ತಿಳಿಯುತ್ತದೆ.

ಹಂತ 3: ಕಥೆಯನ್ನು ಕನ್ನಡದಲ್ಲಿ ಹೇಳಿಸಿ

ಇಡೀ ಕೆಲಸದಲ್ಲಿ ಮುಖ್ಯವಾದ ಹಂತ ಇದು, ಎಲ್ಲರೂ ಹಾರಿಸಿಬಿಡುವುದೂ ಇದನ್ನೇ. ಪುಸ್ತಕ ಮುಚ್ಚಿ. "ಏನಾಯ್ತು, ನನಗೆ ಹೇಳು" ಎನ್ನಿ. ಆಮೇಲೆ ಪ್ರಶ್ನೆ ಕೇಳುತ್ತಾ ಹೋಗಿ. ನಿಮಗೆ ಪಾಠ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ನಿಜವಾಗಿ ಗೊತ್ತಿಲ್ಲದೆ ಕೇಳುವವರಿಗೆ ಮಗು ಬಿಡಿಸಿ ಹೇಳುತ್ತದೆ.

ಹತ್ತನೇ ತರಗತಿಯ ಪುಸ್ತಕದಲ್ಲಿರುವ ಆರ್.ಕೆ. ನಾರಾಯಣರ 'ಎ ಹೀರೋ' ತೆಗೆದುಕೊಳ್ಳಿ. ಮಾಲ್ಗುಡಿಯ ಸ್ವಾಮಿಯ ಕಥೆ. ಹಳ್ಳಿಯ ಹುಡುಗನೊಬ್ಬ ಹುಲಿಯ ಜೊತೆ ಹೋರಾಡಿದ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದುತ್ತಾನೆ. ಅದು ಹುಡುಗನಾಗಿರಲಾರ, ದೊಡ್ಡವನೇ ಇರಬೇಕು ಅನ್ನುತ್ತಾನೆ ಸ್ವಾಮಿ. ಶಕ್ತಿ, ವಯಸ್ಸು ಮುಖ್ಯವಲ್ಲ, ಧೈರ್ಯ ಮುಖ್ಯ ಅನ್ನುತ್ತಾನೆ ಅಪ್ಪ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗಿ ತೋರಿಸು ಎಂದು ಸವಾಲು ಹಾಕುತ್ತಾನೆ. ದಿನಾ ಅಜ್ಜಿಯ ಪಕ್ಕ ಮಲಗುವ ಹುಡುಗ! ರಾತ್ರಿ ಬೆಂಚಿನ ಕೆಳಗೆ ಮುದುರಿಕೊಂಡಿದ್ದ ಸ್ವಾಮಿ, ಕತ್ತಲಲ್ಲಿ ಏನೋ ಸರಿದಾಡಿದ್ದನ್ನು ದೆವ್ವವೆಂದುಕೊಂಡು ಕಾಲಿಗೆ ಬಾಯಿಹಾಕಿ ಕಚ್ಚುತ್ತಾನೆ. ಅದು ಕಳ್ಳ. ಮರುದಿನ ಊರೆಲ್ಲ ಸ್ವಾಮಿಯನ್ನು ಹೊಗಳುತ್ತದೆ. ಅವತ್ತು ರಾತ್ರಿ ಅಪ್ಪ ಕ್ಲಬ್‌ನಿಂದ ಬಂದು ನೋಡಿದರೆ ಹೀರೋ ಮತ್ತೆ ಅಜ್ಜಿಯ ಪಕ್ಕದಲ್ಲಿ ಮಲಗಿದ್ದಾನೆ.

ಇಷ್ಟನ್ನು ಮಗು ಹೇಳಿದ ಮೇಲೆ ನೀವು ಕೇಳಬಹುದಾದವು: ಸ್ವಾಮಿ ಕಚ್ಚಿದ್ದು ಧೈರ್ಯಕ್ಕೋ ಹೆದರಿಕೆಗೋ? ಹಾಗಿದ್ದರೆ ಅವನು ಹೀರೋನಾ? ಕಳ್ಳ ಎಂದು ಮೊದಲೇ ಗೊತ್ತಿದ್ದಿದ್ದರೆ ಕಚ್ಚುತ್ತಿದ್ದನಾ? ಅಪ್ಪ ಮಾಡಿದ್ದು ಸರಿಯಾ? ಕೊನೆಗೆ ಅಜ್ಜಿಯ ಹತ್ತಿರ ಮಲಗಿದ್ದನ್ನು ಲೇಖಕರು ಯಾಕೆ ತೋರಿಸಿದರು?

ಸಾಹಿತ್ಯದ ದೊಡ್ಡ ಪ್ರಶ್ನೆಗಳು ಇವೇ. "ಶೀರ್ಷಿಕೆ ಸೂಕ್ತವೇ, ಸಮರ್ಥಿಸಿ" ಎಂಬ ಪ್ರಶ್ನೆ ಬಂದಾಗ ಗೈಡ್ ಓದಿದವರೆಲ್ಲ "ಹೌದು, ಸ್ವಾಮಿ ಕಳ್ಳನನ್ನು ಹಿಡಿದ" ಎಂದು ಬರೆಯುತ್ತಾರೆ. ಅಡುಗೆಮನೆಯಲ್ಲಿ ಅಮ್ಮನ ಜೊತೆ ಈ ವಾದ ಮಾಡಿದ ಮಗುವಿಗೆ, ಅವನು ಹೆದರಿಕೆಯಿಂದ ಹೀರೋ ಆದವನು, ಶೀರ್ಷಿಕೆಯಲ್ಲಿ ಒಂದು ತುಂಟನಗೆ ಇದೆ ಎಂದು ಬರೆಯಲು ಸಾಧ್ಯವಾಗುತ್ತದೆ.

ಎಚ್ಚರ: ನೀವೇ ಕಥೆ ಹೇಳಿ ಮುಗಿಸಬೇಡಿ. ಕಥೆ ಚೆನ್ನಾಗಿದ್ದಾಗ ದೊಡ್ಡವರಿಗೆ ಬಾಯಿ ಕಟ್ಟಿಕೊಳ್ಳುವುದು ಕಷ್ಟ, ಒಪ್ಪುತ್ತೇನೆ.

ಹಂತ 4: ಮಗುವಿನದೇ ಇಂಗ್ಲಿಷಿನಲ್ಲಿ ಉತ್ತರ ಕಟ್ಟಿಸಿ

ಪ್ರಶ್ನೆ ಇದು ಎಂದುಕೊಳ್ಳಿ: ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಎಂದು ಅಪ್ಪ ಸ್ವಾಮಿಗೆ ಹೇಳಿದ್ದು ಯಾಕೆ? ಮಗು ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ. ಆಮೇಲೆ ಒಂದೊಂದನ್ನೇ ತನಗೆ ಬಂದಂತೆ ರಫ್ ಪುಸ್ತಕದಲ್ಲಿ ಇಂಗ್ಲಿಷಿಗೆ ಇಳಿಸಲಿ. ಬರುವುದು ಹೀಗಿರಬಹುದು:

"ಸ್ವಾಮಿ ಫಾದರ್ ನ್ಯೂಸ್‌ಪೇಪರ್ ರೀಡ್. ವಿಲೇಜ್ ಬಾಯ್ ಟೈಗರ್ ಫೈಟ್. ಫಾದರ್ ಟೆಲ್ ಸ್ವಾಮಿ ಸ್ಲೀಪ್ ಅಲೋನ್."

ಇದನ್ನು ನೋಡಿ ತಲೆ ಚಚ್ಚಿಕೊಳ್ಳಬೇಡಿ. ಸಂಗತಿ ಸರಿಯಿದೆ, ಕ್ರಮವೂ ಸರಿಯಿದೆ. ಒಂದೊಂದು ಸಲಕ್ಕೆ ಒಂದೊಂದೇ ಬಗೆಯ ತಪ್ಪು ತಿದ್ದಿಸಿ.

ಮೊದಲ ಸುತ್ತು, ವಾಕ್ಯದ ಜೋಡಣೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: ಹುಡುಗ ಹುಲಿಯ ಜೊತೆ ಹೋರಾಡಿದ. ಇಂಗ್ಲಿಷಿನಲ್ಲಿ ಅದು ನಡುವೆ ಬರುತ್ತದೆ. "ಯಾರು? ಏನು ಮಾಡಿದ? ಏನನ್ನು?" ಎಂದು ಇದೇ ಕ್ರಮದಲ್ಲಿ ಕೇಳಿ. 'ಬಾಯ್ ಟೈಗರ್ ಫೈಟ್' ಹೋಗಿ 'ಬಾಯ್ ಫೈಟ್ ಟೈಗರ್' ಆಗುತ್ತದೆ.

ಎರಡನೇ ಸುತ್ತು, ಕಾಲ. ಕಥೆ ನಡೆದುಹೋದದ್ದು, ಆದ್ದರಿಂದ ಎಲ್ಲ ಕ್ರಿಯಾಪದವೂ ಭೂತಕಾಲಕ್ಕೆ. ಕ್ರಿಯಾಪದಗಳಿಗೆ ಮಗು ತಾನೇ ಸುತ್ತು ಹಾಕಲಿ. ಫೈಟ್ 'ಫಾಟ್' ಆಗುತ್ತದೆ, ಟೆಲ್ 'ಟೋಲ್ಡ್' ಆಗುತ್ತದೆ. ರೀಡ್ ಮಾತ್ರ ಕಾಗುಣಿತದಲ್ಲಿ ಹಾಗೇ ಉಳಿದು ಬಾಯಲ್ಲಿ 'ರೆಡ್' ಆಗುತ್ತದೆ.

ಮೂರನೇ ಸುತ್ತು, ಸಣ್ಣ ಪದಗಳು. ಎ, ದಿ, ಟು, ಇನ್, ಮತ್ತು ಸ್ವಾಮಿಯ ಅಪ್ಪ ಎನ್ನುವಲ್ಲಿ ಬೇಕಾದ ಅಪಾಸ್ಟ್ರಫಿ ಎಸ್, ಅಂದರೆ ಪದದ ಕೊನೆಯಲ್ಲಿ ಮೇಲ್ಗಡೆ ಒಂದು ಸಣ್ಣ ಗೆರೆ ಹಾಕಿ ಸೇರಿಸುವ ಎಸ್. ನಮ್ಮ ಷಷ್ಠಿ ವಿಭಕ್ತಿ 'ಅ' ಮಾಡುವ ಕೆಲಸ ಅದರದು.

ಈಗ ಆಗಿದ್ದು: "ಸ್ವಾಮೀಸ್ ಫಾದರ್ ರೆಡ್ ಇನ್ ದಿ ನ್ಯೂಸ್‌ಪೇಪರ್ ದಟ್ ಎ ವಿಲೇಜ್ ಬಾಯ್ ಫಾಟ್ ಎ ಟೈಗರ್. ಹೀ ಟೋಲ್ಡ್ ಸ್ವಾಮಿ ಟು ಸ್ಲೀಪ್ ಅಲೋನ್ ಇನ್ ಹಿಸ್ ಆಫೀಸ್ ರೂಮ್." ಇನ್ನು 'ವೈ' ಕಡೆಗೆ ತಿರುಗಿ. ಕಾರಣ ಇನ್ನೂ ಬಂದಿಲ್ಲವಲ್ಲ? "ಅಪ್ಪನಿಗೆ ಏನು ನೋಡಬೇಕಾಗಿತ್ತು?" ಸ್ವಾಮಿಗೆ ಧೈರ್ಯ ಇದೆಯಾ ಅಂತ. ಅಲ್ಲಿಗೆ ಮೂರನೇ ವಾಕ್ಯವೂ ಸಿಕ್ಕಿತು: "ಬಿಕಾಸ್ ಹೀ ವಾಂಟೆಡ್ ಟು ಸೀ ಇಫ್ ಸ್ವಾಮಿ ಹ್ಯಾಡ್ ಕರೇಜ್." ಇದನ್ನು ಹಿಂದಿನ ವಾಕ್ಯಕ್ಕೆ ಸೇರಿಸಿದರೆ ಉತ್ತರ ಪೂರ್ತಿಯಾಯಿತು. ಗೈಡಿನಲ್ಲಿ ಇದಕ್ಕಿಂತ ಭಾರವಾದ ಪದಗಳಿರಬಹುದು. ಈ ಮೂರು ಸಾಲನ್ನು ಮಗು ಪರೀಕ್ಷೆಯಲ್ಲಿ ಬಾಯಿಪಾಠವಿಲ್ಲದೆ ಮತ್ತೆ ಕಟ್ಟಬಲ್ಲದು, ಗೈಡಿನ ಸಾಲಿನಲ್ಲಿ ಒಂದು ಪದ ಮರೆತರೂ ಮುಂದಿನದೆಲ್ಲ ಹೋಯಿತು.

ಎಚ್ಚರ: ತಿದ್ದುವ ಪೆನ್ಸಿಲ್ ಮಗುವಿನ ಕೈಯಲ್ಲೇ ಇರಲಿ. ತಪ್ಪಿರುವ ಸಾಲನ್ನು ತೋರಿಸಿ, ತಪ್ಪು ಯಾವುದೆಂದು ಅದೇ ಹುಡುಕಲಿ. ಒಂದು ಉತ್ತರದಲ್ಲಿ ಹತ್ತು ತಪ್ಪಿದ್ದರೆ ಈ ಮೂರು ಸುತ್ತಿನವನ್ನು ತಿದ್ದಿಸಿ ಉಳಿದದ್ದು ಬಿಡಿ. ಅವು ಟೀಚರ್ ಕಣ್ಣಿಗೆ ಬಿದ್ದರೆ ಒಳ್ಳೆಯದೇ, ತರಗತಿಯಲ್ಲಿ ಏನು ಹೇಳಿಕೊಡಬೇಕೆಂದು ಅವರಿಗೆ ತಿಳಿಯುತ್ತದೆ.

ಹಂತ 5: ಗ್ರಾಮರ್, ಅಂದರೆ ಕನ್ನಡ ಎಲ್ಲಿ ಎಡವಿಸುತ್ತದೆ

ವ್ಯಾಕರಣದ ಹೋಂವರ್ಕ್ ಬಂದರೆ ದೊಡ್ಡವರು ಕೈಚೆಲ್ಲುತ್ತಾರೆ. ಆದರೆ ಮಕ್ಕಳ ಬಹಳಷ್ಟು ತಪ್ಪುಗಳು ಕನ್ನಡದಿಂದ ನೇರವಾಗಿ ಬರುತ್ತವೆ, ಕನ್ನಡ ಬಲ್ಲ ನಿಮಗೆ ಅವು ಸುಲಭವಾಗಿ ಕಾಣಬೇಕು.

ರಿಪೋರ್ಟೆಡ್ ಸ್ಪೀಚ್ ನೋಡಿ. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ವರದಿ ಮಾಡುವುದು. ಕನ್ನಡದಲ್ಲಿ ಇದಕ್ಕೆ 'ಅಂತ' ಒಂದಿದ್ದರೆ ಸಾಕು: "ನಾಳೆ ಬರ್ತೀನಿ ಅಂತ ರಮೇಶ ಹೇಳಿದ." ಒಳಗಿನ ಮಾತು ಹಾಗೇ ಉಳಿಯಿತು. ಬರುವವನು ರಮೇಶ, ಆದರೂ ಕ್ರಿಯಾಪದ 'ಬರ್ತೀನಿ'. ಮಗು ಇದನ್ನೇ ಇಂಗ್ಲಿಷಿಗೆ ತಂದು "ರಮೇಶ್ ಸೆಡ್ ದಟ್ ಐ ವಿಲ್ ಕಮ್ ಟುಮಾರೊ" ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಹಾಗೆಂದರೆ ಬರುವವನು ಬರೆಯುತ್ತಿರುವ ಮಗುವೇ ಆಗಿಬಿಡುತ್ತಾನೆ! ಸರಿಯಾದದ್ದು: "ರಮೇಶ್ ಸೆಡ್ ದಟ್ ಹೀ ವುಡ್ ಕಮ್ ದಿ ನೆಕ್ಸ್ಟ್ ಡೇ."

ಈ ವ್ಯತ್ಯಾಸವನ್ನು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿಸಿ. ಯಾರು? 'ಐ' ಎಂದವನು ಯಾರೋ ಅವನು 'ಹೀ' ಆಗಬೇಕು. ಯಾವಾಗ? 'ವಿಲ್' ಹೋಗಿ 'ವುಡ್', 'ಈಸ್' ಹೋಗಿ 'ವಾಸ್', 'ಟುಮಾರೊ' ಹೋಗಿ 'ದಿ ನೆಕ್ಸ್ಟ್ ಡೇ'. ಎಲ್ಲಿ? 'ಹಿಯರ್' ಹೋಗಿ 'ದೇರ್'. ಒಳಗಿರುವುದು ಪ್ರಶ್ನೆಯಾಗಿದ್ದರೆ ಇನ್ನೊಂದು ಕೆಲಸವಿದೆ. "ವೇರ್ ಆರ್ ಯು ಗೋಯಿಂಗ್?" ಎಂದು ಅಮ್ಮ ಕೇಳಿದ್ದು "ಮದರ್ ಆಸ್ಕ್ಡ್ ವೇರ್ ಹೀ ವಾಸ್ ಗೋಯಿಂಗ್" ಆಗುತ್ತದೆ. 'ವಾಸ್ ಹೀ' ಅಲ್ಲ, 'ಹೀ ವಾಸ್'. ವರದಿಯಾದ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಕೊನೆಯ ಪ್ರಶ್ನಾರ್ಥಕ ಚಿಹ್ನೆಯೂ ಬೇಡ. ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಯಾದರೆ ನಡುವೆ 'ಇಫ್' ಬರುತ್ತದೆ.

ಕ್ವೆಶ್ಚನ್ ಟ್ಯಾಗ್ ಕೂಡ ಇಂಥದ್ದೇ. ವಾಕ್ಯದ ಬಾಲಕ್ಕೆ ಸೇರಿಸುವ ಪುಟ್ಟ ಪ್ರಶ್ನೆ ಅದು, ನಮ್ಮ 'ಅಲ್ವಾ'. ನಮಗೆ ಒಂದು 'ಅಲ್ವಾ' ಎಲ್ಲದಕ್ಕೂ ಆಗುತ್ತದೆ. ಅದಕ್ಕೇ ಮಕ್ಕಳು ಎಲ್ಲ ಕಡೆಯೂ 'ಇಸಂಟ್ ಇಟ್' ಎಂದು ಹಾಕಿಬಿಡುತ್ತಾರೆ. ಇಂಗ್ಲಿಷಿನಲ್ಲಿ ವಾಕ್ಯದ ಸಹಾಯಕ ಕ್ರಿಯಾಪದವನ್ನೇ, ಅಂದರೆ ಈಸ್, ವಾಸ್, ವಿಲ್ ಮುಂತಾದದ್ದನ್ನೇ ತಿರುಗಿಸಬೇಕು. "ಸ್ವಾಮಿ ಈಸ್ ಅಫ್ರೇಡ್, ಇಸಂಟ್ ಹೀ?" ವಾಕ್ಯ 'ಇಲ್ಲ' ಎಂದರೆ ಟ್ಯಾಗ್ 'ಹೌದು' ಎನ್ನುತ್ತದೆ: "ಹೀ ಈಸ್ ನಾಟ್ ಅಫ್ರೇಡ್, ಈಸ್ ಹೀ?" ಸಹಾಯಕ ಕ್ರಿಯಾಪದವೇ ಕಾಣದಿದ್ದರೆ ಡು, ಡಸ್, ಡಿಡ್ ಮೂರರಲ್ಲೊಂದು ಬರುತ್ತದೆ: "ಹೀ ಬಿಟ್ ದಿ ಬರ್ಗ್ಲರ್, ಡಿಡಂಟ್ ಹೀ?"

ಇನ್ನೊಂದು 'ನನಗೆ'. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ಜ್ವರ ಬಂದಿದೆ, ನನಗೆ ಇಬ್ಬರು ತಮ್ಮಂದಿರು. ಇವೆಲ್ಲ ಇಂಗ್ಲಿಷಿನಲ್ಲಿ 'ಐ' ಎಂದೇ ಶುರುವಾಗುತ್ತವೆ. ಐ ಆಮ್ ಹಂಗ್ರಿ, ಐ ನೋ, ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟು ಬ್ರದರ್ಸ್. 'ಟು ಮೀ' ಬರುವುದಿಲ್ಲ, 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ಕೂಡ ತಪ್ಪು.

ಆ್ಯಕ್ಟಿವ್, ಪ್ಯಾಸಿವ್ ವಾಯ್ಸ್ ಎಂದರೆ ಕರ್ತರಿ, ಕರ್ಮಣಿ ಪ್ರಯೋಗ. ರಾಮನು ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಇದನ್ನು ಮಗು ಕನ್ನಡ ವ್ಯಾಕರಣದಲ್ಲೇ ಕಲಿತಿರುತ್ತದೆ. 'ಇಂದ' ಇದ್ದಲ್ಲಿ 'ಬೈ', 'ಲ್ಪಟ್ಟನು' ಇದ್ದಲ್ಲಿ 'ವಾಸ್' ಜೊತೆಗೆ ಕ್ರಿಯಾಪದದ ಮೂರನೇ ರೂಪ. ಎರಡೂ ಪುಸ್ತಕ ಅಕ್ಕಪಕ್ಕ ತೆರೆದಿಟ್ಟು ತೋರಿಸಿ.

ಆರ್ಟಿಕಲ್, ಅಂದರೆ ಎ, ಆನ್, ದಿ. ನಮ್ಮಲ್ಲಿ ಇವಿಲ್ಲ, ಅದಕ್ಕೇ ಬಿಟ್ಟುಹೋಗುತ್ತವೆ. ಹೆಸರಿನ ಹಿಂದೆ 'ಒಂದು' ಅಥವಾ 'ಒಬ್ಬ' ಸೇರಿಸಿದರೆ ಅರ್ಥ ಕೂರುತ್ತದೆಯೇ? ಎ ಅಥವಾ ಆನ್. 'ಆ' ಸೇರಿಸಿದರೆ ಕೂರುತ್ತದೆಯೇ? ದಿ. ಎಲ್ಲ ಕಡೆ ನಡೆಯುವ ಸೂತ್ರವಲ್ಲ, ಆದರೂ ಹೋಂವರ್ಕಿನ ಬಹುತೇಕ ಖಾಲಿ ಜಾಗಗಳು ಇದರಿಂದ ತುಂಬುತ್ತವೆ. ಎ ಬೇಕೋ ಆನ್ ಬೇಕೋ ಎಂಬುದಕ್ಕೆ ಪದವನ್ನು ಕನ್ನಡ ಲಿಪಿಯಲ್ಲಿ ಬರೆಸಿ. ಸ್ವರದಿಂದ ಶುರುವಾದರೆ ಆನ್: ಆನ್ ಅವರ್, ಆನ್ ಎಂಎಲ್ಎ. ವ್ಯಂಜನವಾದರೆ ಎ: ಎ ಯೂನಿಫಾರ್ಮ್. ಇಂಗ್ಲಿಷಿನಲ್ಲಿ ಬರೆದರೆ 'ಅವರ್' ಎಚ್‌ನಿಂದ, 'ಯೂನಿಫಾರ್ಮ್' ಯು ಇಂದ ಶುರುವಾಗಿ ದಾರಿ ತಪ್ಪಿಸುತ್ತವೆ, ಕನ್ನಡ ಲಿಪಿ ತಪ್ಪಿಸುವುದಿಲ್ಲ. ಒಂದೇ ತೊಂದರೆ, ನಮ್ಮ ಬಾಯಲ್ಲಿ ಎಗ್ 'ಯೆಗ್' ಆಗುತ್ತದೆ, ಓಲ್ಡ್ 'ವೋಲ್ಡ್' ಆಗುತ್ತದೆ. ಹಳ್ಳಿಯನ್ನು 'ಅಳ್ಳಿ' ಎನ್ನುವ ಕಡೆ ಹೋಟೆಲಿನ ಹಿಂದೆಯೂ ಆನ್ ಬಂದು ಕೂರುತ್ತದೆ. ಇವನ್ನು ಮುಂಚೆಯೇ ಹೇಳಿಡಿ.

ಹಂತ 6: ಪದ್ಯ

ಪದ್ಯವೆಂದರೆ ಮಕ್ಕಳಿಗೆ ಭಯ, ನಮಗೂ ಭಯ. ಆದರೆ ಕನ್ನಡ ಪಾಠದಲ್ಲಿ ಅಲಂಕಾರ, ಛಂದಸ್ಸು ಓದಿದ ಮಗುವಿನ ಕೈಯಲ್ಲಿ ಅರ್ಧ ಉತ್ತರ ಆಗಲೇ ಇರುತ್ತದೆ.

ಅದೇ ಪುಸ್ತಕದ 'ಕ್ವಾಲಿಟಿ ಆಫ್ ಮರ್ಸಿ' ಶೇಕ್ಸ್‌ಪಿಯರನದು. 1600ರಲ್ಲಿ ಮೊದಲು ಅಚ್ಚಾದ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಬರುತ್ತದೆ. ಮೊದಲು ಆ ಸಂದರ್ಭ ತಿಳಿಸಿ, ಇಲ್ಲದಿದ್ದರೆ ಸಾಲುಗಳು ಗಾಳಿಯಲ್ಲಿ ನಿಲ್ಲುತ್ತವೆ. ಆಂಟೋನಿಯೊ ಎಂಬ ವ್ಯಾಪಾರಿ ಸ್ನೇಹಿತನಿಗಾಗಿ ಶೈಲಾಕ್‌ನಿಂದ ಸಾಲ ತಂದಿದ್ದಾನೆ. ಹೊತ್ತಿಗೆ ತೀರಿಸದಿದ್ದರೆ ಮೈಯಿಂದ ಒಂದು ಪೌಂಡ್ ಮಾಂಸ ಕೊಡಬೇಕೆಂದು ಪತ್ರವಾಗಿದೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೆ ಸ್ವಲ್ಪ ಕಮ್ಮಿ. ಸಾಲ ತೀರಲಿಲ್ಲ, ಶೈಲಾಕ್ ಪಟ್ಟು ಬಿಡುವುದಿಲ್ಲ. ಗಂಡುವೇಷದಲ್ಲಿ ವಕೀಲನಾಗಿ ಬಂದ ಪೋರ್ಶಿಯಾ ಅವನಿಗೆ ದಯೆ ತೋರು ಎಂದು ಹೇಳುವ ಮಾತುಗಳು ಇವು. ಯಾರು, ಯಾರಿಗೆ, ಎಲ್ಲಿ, ಯಾಕೆ ಎಂಬ ನಾಲ್ಕಕ್ಕೂ ಉತ್ತರ ಸಿಕ್ಕಿತು.

ಇನ್ನು ಸಾಲುಗಳಿಗೆ ಬನ್ನಿ. 'ಡ್ರಾಪೆತ್', 'ಬ್ಲೆಸೆತ್' ಎಂದೆಲ್ಲ ಬಂದು ಹೆದರಿಸುತ್ತವೆ. ಆ ಕೊನೆಯ 'ಎತ್' ಹಳೆಯ ಇಂಗ್ಲಿಷಿನ ರೂಪ, ಈಗಿನ 'ಎಸ್' ಮಾಡುವ ಕೆಲಸವನ್ನೇ ಮಾಡುತ್ತದೆ. ಡ್ರಾಪ್ಸ್, ಬ್ಲೆಸಸ್ ಎಂದು ಓದಿಕೊಂಡರಾಯಿತು.

ದಯೆ ಆಕಾಶದಿಂದ ಸುರಿಯುವ ಮೆಲು ಮಳೆಯಂತೆ ಇಳಿಯುತ್ತದೆ ಎನ್ನುವ ಸಾಲಿನಲ್ಲಿ ಯಾವ 'ಫಿಗರ್ ಆಫ್ ಸ್ಪೀಚ್', ಅಂದರೆ ಯಾವ ಅಲಂಕಾರ ಎಂದು ಕೇಳುತ್ತಾರೆ. 'ಸೀತೆಯ ಮುಖ ಕಮಲದಂತೆ ಅರಳಿತು' ನೆನಪಿಸಿ. ಉಪಮೇಯ ದಯೆ, ಉಪಮಾನ ಮಳೆ, ಉಪಮಾವಾಚಕ 'ಆ್ಯಸ್', ಸಮಾನಧರ್ಮ ಮೆಲ್ಲಗೆ ಇಳಿಯುವುದು. ನಾಲ್ಕೂ ಇದೆ, ಉಪಮಾಲಂಕಾರ, ಇಂಗ್ಲಿಷಿನಲ್ಲಿ ಸಿಮಿಲಿ. 'ಆ್ಯಸ್' ಅಥವಾ 'ಲೈಕ್' ಇಲ್ಲದೆ ಇದೇ ಅದು ಎಂದುಬಿಟ್ಟರೆ ರೂಪಕ, ಮೆಟಫರ್. ಒಂದೇ ಅಕ್ಷರದ ಸದ್ದು ಮರಳಿ ಮರಳಿ ಬಂದರೆ ಅನುಪ್ರಾಸ, ಅಲಿಟರೇಶನ್. ಜೀವವಿಲ್ಲದ್ದು ಮನುಷ್ಯರಂತೆ ಮಾತಾಡಿದರೆ, ನಡೆದರೆ ಪರ್ಸಾನಿಫಿಕೇಶನ್.

'ರೈಮ್ ಸ್ಕೀಮ್' ಎಂದರೆ ಸಾಲಿನ ಕೊನೆಯ ಪ್ರಾಸ ಹೇಗೆ ಕೂಡಿದೆ ಎಂಬ ಲೆಕ್ಕ. ಒಂದೇ ಸದ್ದಿನ ಸಾಲುಗಳಿಗೆ ಒಂದೇ ಅಕ್ಷರ: ಎ ಎ ಬಿ ಬಿ, ಎ ಬಿ ಎ ಬಿ ಹೀಗೆ. ಷಟ್ಪದಿ ಓದಿದ ಮಕ್ಕಳು ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಹುಡುಕಲು ಹೋಗುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅದು ಕೊನೆಯಲ್ಲಿರುತ್ತದೆ, ಅದನ್ನು ಕಣ್ಣಿನಿಂದಲ್ಲ ಕಿವಿಯಿಂದ ಹಿಡಿಯಬೇಕು. ಪೋರ್ಶಿಯಾಳ ಮಾತಿನಲ್ಲಂತೂ ಅಂತ್ಯಪ್ರಾಸವೇ ಇಲ್ಲ. ಲಯವಿದ್ದು ಪ್ರಾಸವಿಲ್ಲದ ಇಂಥ ಪದ್ಯಕ್ಕೆ 'ಬ್ಲ್ಯಾಂಕ್ ವರ್ಸ್' ಎನ್ನುತ್ತಾರೆ. ಇಲ್ಲದ ಪ್ರಾಸವನ್ನು ಎಳೆದು ತರಿಸಬೇಡಿ.

ಬಾಯಿಪಾಠದ ಸಾಲುಗಳನ್ನು ಒಪ್ಪಿಸಿದರೆ ಸಾಲದು, ನೋಡದೆ ಬರೆಸಿ. ಬಾಯಲ್ಲಿ ಸರಾಗವಾಗಿ ಬರುವ ಪದ್ಯ ಕಾಗದದ ಮೇಲೆ ಕಾಗುಣಿತ ತಪ್ಪಿ ನಿಲ್ಲುತ್ತದೆ.

ಹಂತ 7: ಫೋನು

ಪ್ರಶ್ನೆಯ ಫೋಟೋ ತೆಗೆದರೆ ಉತ್ತರ ಬರುವ ಕಾಲ ಇದು. ಬೇಡವೆಂದರೂ ಮಕ್ಕಳು ಬಳಸುತ್ತಾರೆ, ಹಾಗಾಗಿ ಯಾವುದಕ್ಕೆ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಪದದ ಅರ್ಥಕ್ಕೆ ಸರಿ, ಉಚ್ಚಾರಕ್ಕೆ ಸರಿ. ಬರೆದು ಮುಗಿಸಿದ ವಾಕ್ಯವನ್ನು ಕೊಟ್ಟು "ಇದರಲ್ಲಿ ಏನು ತಪ್ಪಿದೆ, ಯಾಕೆ ತಪ್ಪು, ಕನ್ನಡದಲ್ಲಿ ಹೇಳು" ಎಂದು ಎಐ ಆ್ಯಪನ್ನು ಕೇಳುವುದಕ್ಕೂ ಅಡ್ಡಿಯಿಲ್ಲ. ಉತ್ತರವನ್ನೇ ಬರೆಸುವುದಕ್ಕೆ ಮಾತ್ರ ಬೇಡ. ಅದು ಪಾಠದಲ್ಲಿಲ್ಲದ ಸಂಗತಿಯನ್ನೂ ಇದೆಯೆಂಬಷ್ಟು ನಂಬಿಕೆಯಿಂದ ಹೇಳಬಲ್ಲದು, ಪಾಠ ಓದದ ಮಗುವಿಗೆ ಅದು ಗೊತ್ತಾಗುವುದಿಲ್ಲ. ಕನ್ನಡ ಪ್ಯಾರಾವನ್ನು ಇಡಿಯಾಗಿ ಅನುವಾದಕ್ಕೆ ಹಾಕುವುದೂ ಹಾಗೆಯೇ. ಕನ್ನಡದಲ್ಲಿ ನಾವು 'ಅವನು', 'ಅವಳು' ಬಿಟ್ಟು ಮಾತಾಡುವುದರಿಂದ ಸ್ವಾಮಿಯ ಅಜ್ಜಿ 'ಹೀ' ಆಗಿ ಬರಬಹುದು.

ಅನುಮಾನ ಬಂದರೆ ಒಂದು ಪರೀಕ್ಷೆ ಸಾಕು. ಉತ್ತರದಲ್ಲಿನ ಯಾವುದಾದರೂ ದೊಡ್ಡ ಪದಕ್ಕೆ ಬೆರಳಿಟ್ಟು "ಇದರ ಅರ್ಥ ಏನು ಮರಿ?" ಎಂದು ಕೇಳಿ.

ಹಂತ 8: ಎಲ್ಲಿ ನಿಲ್ಲಿಸಬೇಕು

ಒಂದೇ ಪ್ರಶ್ನೆಯ ಮೇಲೆ ಅರ್ಧ ಗಂಟೆ ಕಳೆದರೂ ದಾರಿ ಕಾಣದಿದ್ದರೆ ಬಿಟ್ಟುಬಿಡಿ. ಬೈದು, ಅಳಿಸಿ ಮುಗಿಸಿದ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ನೀವು ಬರೆದುಕೊಟ್ಟು ಮಗು ನಕಲು ಮಾಡಿದರೆ ಇನ್ನೂ ಕೆಟ್ಟದ್ದು, ಅರ್ಥವಾಗಿದೆ ಎಂದು ಟೀಚರ್ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ.

ಪರೀಕ್ಷೆ ಹತ್ತಿರವಿದ್ದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದ ಮಾದರಿ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ಪತ್ರಲೇಖನ, ಕೊಟ್ಟ ವಿವರಗಳಿಂದ ವ್ಯಕ್ತಿಪರಿಚಯ ಬರೆಯುವುದು ಮುಂತಾದವಕ್ಕೆ ನಿಗದಿಯಾದ ಚೌಕಟ್ಟು ಇದೆ, ನಾಲ್ಕೈದು ಮಾದರಿ ಮಾಡಿಸಿದರೆ ಕೈಗೆ ಹತ್ತುತ್ತವೆ. ಅವುಗಳ ಬಗ್ಗೆ ಇಲ್ಲಿ ಉದ್ದ ಬರೆಯುವ ಅಗತ್ಯ ಕಾಣಲಿಲ್ಲ.

ಬಿಡಿಸಲಾಗದೆ ಉಳಿದ ಪ್ರಶ್ನೆಗೆ ಜಾಗ ಖಾಲಿ ಬಿಡಿಸಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ನೀವೇ ಟೀಚರಿಗೆ ಎರಡು ಸಾಲು ಬರೆಯಿರಿ: "ಮೇಡಂ, ಪಾಠ ಎರಡು ಸಲ ಓದಿದ್ದಾಳೆ, ಕಥೆ ಕನ್ನಡದಲ್ಲಿ ಹೇಳುತ್ತಾಳೆ. ಮೂರನೇ ಪ್ರಶ್ನೆ ಏನು ಕೇಳುತ್ತಿದೆ ಎಂದು ನಮಗಿಬ್ಬರಿಗೂ ತಿಳಿಯಲಿಲ್ಲ, ದಯವಿಟ್ಟು ತಿಳಿಸಿಕೊಡಿ." ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ. ಎಲ್ಲಿ ತೊಡಕಾಯಿತು ಎಂದು ಇಷ್ಟು ನಿಖರವಾಗಿ ಬರೆದರೆ ಟೀಚರಿಗೂ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗುತ್ತದೆ.